ಸತ್ತ ಬ್ಯಾಟರಿಯೂ ಬಲ್ಲವನ ಕೈಯೂ

ಮೋಟಾರು ಗಾಡಿಯು ಇಂದು ಅನೇಕ ಗೃಹಸ್ಥರ ಬಾಗಿಲಲ್ಲಿ ನಿಂತಿದೆಯಾದರೂ ಅದರ ಮುಚ್ಚಳದೊಳಗೆ ಏನಿದೆಯೆಂಬುದನ್ನು ಬಲ್ಲವರು ವಿರಳ. ನಾವೂ ಆ ಅಜ್ಞರ ಗುಂಪಿಗೆ ಸೇರಿದವರೇ. ಕಳೆದ ಪುಷ್ಯಮಾಸದಲ್ಲಿ ಮೂರು ವಾರ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದು ಮೈಸೂರಿಗೆ ಹಿಂದಿರುಗಿದ ಮರುದಿನ ಬೆಳಗ್ಗೆ, ನಮ್ಮ ಮನೆಯಾಕೆಯನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಕರೆದೊಯ್ಯಬೇಕಾಗಿದ್ದಿತು. ಕೀಲಿಯನ್ನು ತಿರುಗಿಸಿದರೆ ‘ಟಿಕ್ ಟಿಕ್’ ಎಂಬ ಸದ್ದಲ್ಲದೆ ಬೇರೇನೂ ಇಲ್ಲ. ದೀಪಗಳು ಒಮ್ಮೆ ಮಿಣುಕಿ ಆರಿದುವು.

ಆಕೆಯನ್ನು ಸೊಸೆಯೊಡನೆ ಆಟೋದಲ್ಲಿ ಕಳುಹಿಸಿದೆವು. ಮಧ್ಯಾಹ್ನ ಕರೆತರುವಷ್ಟರಲ್ಲಿಯಾದರೂ ಗಾಡಿಯು ಸಿದ್ಧವಾಗಬೇಕಷ್ಟೆ. “ಬ್ಯಾಟರಿಯಲ್ಲಿ ಆಮ್ಲವಿರುತ್ತದೆಯಂತೆ. ಒಂದು ಕಣ್ಣಿಗಾಗಿ ನಾನು ಹೊರಟಿದ್ದೇನೆ, ನೀವು ಇನ್ನೆರಡನ್ನು ಕೆಡಿಸಿಕೊಳ್ಳಬೇಡಿರಿ” ಎಂದು ಆಕೆ ಹೇಳಿಯೇ ಹೋದಳು.

ಅಷ್ಟರಲ್ಲಿ ಪಕ್ಕದ ಮನೆಯ ತರುಣನು ಕೆಂಪು ಕಪ್ಪು ತಂತಿಗಳನ್ನು ಹಿಡಿದು, ತನ್ನ ಗಾಡಿಯನ್ನು ನಮ್ಮದರ ಎದುರಿಗೆ ತಂದು ನಿಲ್ಲಿಸಿದನು. ನಮ್ಮ ಬ್ಯಾಟರಿಯ ತುದಿಗಳೋ ಬಿಳಿಯ ಕಿಟ್ಟದಿಂದ ಮುಚ್ಚಿದ್ದುವು. ಯಾವುದು ಧನ, ಯಾವುದು ಋಣ ಎಂಬ ಗುರುತೇ ಕಾಣದು. “ಇದೇ ಇರಬೇಕು ಸಾರ್” ಎಂದು ಆತನು ಕೆಂಪು ಇಕ್ಕಳವನ್ನು ಮುಂದಕ್ಕೆ ಒಯ್ದನು. ಆ ‘ಇರಬೇಕು’ ಎಂಬ ಮಾತನ್ನು ಕೇಳಿ ನಾವು ಕೈಹಿಡಿದು ತಡೆದೆವು. ಮೂವತ್ತು ವರ್ಷಗಳ ಕಾಲ ಹುಡುಗರ ಬಾಯಲ್ಲಿ ಆ ಮಾತನ್ನು ಕೇಳಿದವರಿಗೆ ಅದರ ಅರ್ಥವು ತಿಳಿಯದೆ?

ಮನೆಯ ವಿಮಾಪತ್ರವನ್ನು ತೆಗೆದು ನೋಡಲು, ಅದರಲ್ಲಿ ರಸ್ತೆಯ ನೆರವೂ ಸೇರಿದ್ದಿತು. ಎರಡು ವರ್ಷ ಹಣ ಕಟ್ಟಿದ್ದರೂ ನಾವು ಅದನ್ನು ಓದಿರಲಿಲ್ಲ! ದೂರವಾಣಿಯಲ್ಲಿ ಅವರು ಕೇಳಿದುದು ಮೂರೇ: ದೀಪ ಉರಿಯುತ್ತದೆಯೆ, ಸದ್ದು ಎಂತಹುದು, ಗೇರು ಸ್ವಯಂಚಾಲಿತವೆ. ಸ್ವಯಂಚಾಲಿತವಾದರೆ ತಳ್ಳಿ ಹೊರಡಿಸುವ ಹಳೆಯ ಉಪಾಯವು ನಡೆಯದಂತೆ. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲಾಕ್ ಗಾಡಿಗೆ ವಿದ್ಯುತ್ ಚಾಲಕವು ಬರುವುದಕ್ಕೆ ಮುಂಚೆ ಕೈಹಿಡಿಯನ್ನು ತಿರುಗಿಸಿ ಎಂಜಿನ್ನನ್ನು ಎಬ್ಬಿಸುತ್ತಿದ್ದರು. ಅದು ಹಿಂದಕ್ಕೊದೆದು ತೋಳು ಮುರಿದವರು ಎಷ್ಟೋ ಮಂದಿ. ಈಗ ಆ ಕೈಹಿಡಿಯೂ ಇಲ್ಲ.

ಮುಕ್ಕಾಲು ಗಂಟೆಯಲ್ಲಿ ಕುಶಲಿಯೊಬ್ಬನು ಬೈಸಿಕಲ್ ಮೋಟಾರಿನ ಮೇಲೆ ಸಣ್ಣದೊಂದು ಪೆಟ್ಟಿಗೆಯೊಡನೆ ಬಂದನು. ಮೊದಲು ಕನ್ನಡಕವನ್ನು ಧರಿಸಿದನು, ಆಮೇಲೆ ಕಿಟ್ಟವನ್ನು ಒರಸಿ ಗುರುತನ್ನು ನೋಡಿದನು. ೧೨.೬ ವೋಲ್ಟಿರಬೇಕಾದೆಡೆ ೧೦.೯ ಮಾತ್ರವಿದ್ದಿತು. ಪೆಟ್ಟಿಗೆಯ ಕೆಂಪು ತಂತಿಯನ್ನು ಧನಾಗ್ರಕ್ಕೆ ಕಚ್ಚಿಸಿ, ಕಪ್ಪನ್ನು ಬ್ಯಾಟರಿಗೆ ಸಿಕ್ಕಿಸದೆ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿಸಿದನು. ಕಾರಣವನ್ನು ಕೇಳಿದೆವು. ಬ್ಯಾಟರಿಯಿಂದ ಜಲಜನಕವೆಂಬ ಅನಿಲವು ಹೊರಡುವುದುಂಟು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದೂ ಉಂಟು. ಎರಡೂ ಒಂದೆಡೆ ಸೇರಿದರೆ ಬ್ಯಾಟರಿಯು ಸಿಡಿದು ಗಂಧಕಾಮ್ಲವು ಮುಖಕ್ಕೆ ಹಾರಬಹುದು. ಇನ್ನು ಧನ ಋಣಗಳು ಅದಲುಬದಲಾದರೆ ಎರಡೂ ಗಾಡಿಗಳ ವಿದ್ಯುದ್ಯಂತ್ರಗಳು ಸುಟ್ಟುಹೋದಾವು. ತರುಣನ ಮುಖವು ಬಿಳುಪೇರಿತು. ಸಂಸ್ಕೃತದ ವಾಕ್ಯದಲ್ಲಿ ಪದಗಳನ್ನು ಹೇಗೆ ಇಟ್ಟರೂ ಅನ್ವಯವು ಕೆಡದು. ಇಲ್ಲಿ ಕ್ರಮವೇ ಸರ್ವಸ್ವ. ಬಿಚ್ಚುವಾಗಲೂ ಅದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು.

ಎಂಜಿನ್ನು ಎದ್ದಿತು. ನಾವು ಕೂಡಲೆ ಹೊರಡಲು ಅವನು ಬಿಡಲಿಲ್ಲ. ಎಂಜಿನ್ನು ಓಡುವಾಗ ಸುಮಾರು ೧೪ ವೋಲ್ಟು ಬರುತ್ತಿದೆಯೆಂದು ಅಳೆದು, ವಿದ್ಯುತ್ತನ್ನು ಉತ್ಪಾದಿಸುವ ಯಂತ್ರದಲ್ಲಿ ದೋಷವಿಲ್ಲವೆಂದನು. ನಿಂತ ಗಾಡಿಯಲ್ಲಿಯೂ ಗಡಿಯಾರ, ಬೀಗದ ಕಾವಲು ಮೊದಲಾದುವು ತೊಟ್ಟುತೊಟ್ಟಾಗಿ ಶಕ್ತಿಯನ್ನು ಕುಡಿಯುತ್ತಿರುತ್ತವೆ. ಹೊಸ ಬ್ಯಾಟರಿಯಾದರೆ ಮೂರು ವಾರ ತಾಳೀತು. ನಮ್ಮದಕ್ಕೆ ನಾಲ್ಕೂವರೆ ವರ್ಷ ಆಗಿದ್ದಿತು. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಆಸ್ಪತ್ರೆಯ ಬಾಗಿಲಲ್ಲಿಯೇ ಮತ್ತೆ ಸತ್ತೀತೆಂದು ಹೇಳಿ, ಹೊಸದನ್ನು ಹಾಕಿಸಿದನು. ನೆರವಿಗೆ ಹಣವಿಲ್ಲ, ಬ್ಯಾಟರಿಯ ಬೆಲೆ ನಮ್ಮದು.

ಎರಡು ಗಂಟೆಗೆ ಆಸ್ಪತ್ರೆಯನ್ನು ತಲುಪಿದೆವು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಮನೆಯಾಕೆಯು ಗಾಡಿಯನ್ನೇರಿ ಮೊದಲು ವಿಚಾರಿಸಿದುದು ಪಕ್ಕದ ಮನೆಯ ಹುಡುಗನ ಯೋಗಕ್ಷೇಮವನ್ನು.