ವೇಗ ಇಮ್ಮಡಿಯಾದರೆ

ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಕಾರೊಂದು, ಬ್ರೇಕು ಹಾಕಿದೊಡನೆ ಚಕ್ರಗಳು ಸ್ತಬ್ಧವಾಗಿ, ಮಟ್ಟಸವಾದ ರಸ್ತೆಯ ಮೇಲೆ 10 ಮೀಟರ್ ಜಾರಿ ನಿಲ್ಲುತ್ತದೆ. ಅದೇ ಕಾರು ಅದೇ ರಸ್ತೆಯಲ್ಲಿ 72 ಕಿಲೋಮೀಟರ್ ವೇಗದಿಂದ ಬಂದರೆ ಎಷ್ಟು ದೂರದಲ್ಲಿ ನಿಂತೀತು? ತರಗತಿಯಲ್ಲಿ ನಾವು ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ, ಇಪ್ಪತ್ತು ಮೀಟರ್ ಎಂಬ ಉತ್ತರ ಹಲವು ಕಡೆಗಳಿಂದ ಒಟ್ಟಿಗೆ ಬರುತ್ತದೆ. ಹಾಗೆ ತೋರುವುದು ಸಹಜವೇ. ಆದರೆ ಉತ್ತರ ತಪ್ಪು.

ಸೂತ್ರಕ್ಕಾಗಿ ನೆನಪನ್ನು ತಡಕುವುದಕ್ಕೆ ಮೊದಲು ಒಂದು ಚಿತ್ರ ಬರೆಯೋಣ. ಕಾರಿನ ಮೇಲೆ ವರ್ತಿಸುವ ಬಲಗಳಾವುವು? ಭೂಮಿ ಅದನ್ನು ಕೆಳಕ್ಕೆಳೆಯುತ್ತದೆ, ರಸ್ತೆ ಮೇಲಕ್ಕೊತ್ತುತ್ತದೆ, ಟಯರುಗಳಿಗೂ ರಸ್ತೆಗೂ ನಡುವಣ ಘರ್ಷಣೆ ಚಲನೆಯನ್ನು ತಡೆಯುತ್ತದೆ. ಗಾಳಿಯ ತಡೆ ಇಲ್ಲಿ ಅತ್ಯಲ್ಪ, ಅದನ್ನು ಬಿಡೋಣ. ಇವುಗಳಲ್ಲಿ ಕೆಲಸ ಮಾಡುವ ಬಲ ಯಾವುದು? ಬಲವನ್ನು, ಅದರ ನೇರದಲ್ಲಿ ವಸ್ತು ಚಲಿಸಿದ ದೂರದಿಂದ ಗುಣಿಸಿದರೆ ದೊರೆಯುವುದೇ ಭೌತಶಾಸ್ತ್ರದಲ್ಲಿ ಕೆಲಸ. ಕಾರು ಮೇಲಕ್ಕೂ ಏರದೆ ಕೆಳಕ್ಕೂ ಇಳಿಯದೆ ಸಾಗುವುದರಿಂದ, ಮೊದಲೆರಡು ಬಲಗಳು ಎಷ್ಟೇ ದೊಡ್ಡವಾದರೂ ಅವುಗಳ ಕೆಲಸ ಸೊನ್ನೆ. ಉಳಿದದ್ದು ಘರ್ಷಣೆಯೊಂದೇ. ಕಾರಿನ ಚಲನಶಕ್ತಿಯನ್ನೆಲ್ಲ ಅದೇ ತೀರಿಸಬೇಕು. ಆ ಶಕ್ತಿ ಟಯರು, ರಸ್ತೆಗಳಲ್ಲಿ ಶಾಖವಾಗಿ ಪರಿಣಮಿಸುತ್ತದೆ.

ಇನ್ನು ಲೆಕ್ಕ ಸುಲಭ. ಕಾರಿನ ದ್ರವ್ಯರಾಶಿ 1000 ಕಿಲೋಗ್ರಾಂ ಎನ್ನೋಣ. 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ 50,000 ಜೂಲ್. ಇದು 10 ಮೀಟರಿನಲ್ಲಿ ತೀರಿದ್ದರಿಂದ ಘರ್ಷಣೆ 5000 ನ್ಯೂಟನ್; ಕಾರಿನ ತೂಕದ ಸುಮಾರು ಅರ್ಧ. ಇದು ಸಂಭವನೀಯವೇ ಆಗಿದೆ. ವೇಗ ಸೆಕೆಂಡಿಗೆ 20 ಮೀಟರ್ ಆದಾಗ ಚಲನಶಕ್ತಿ 2,00,000 ಜೂಲ್. ಅದೇ ಘರ್ಷಣೆ ಇದನ್ನು ತೀರಿಸಲು ಬೇಕಾಗುವ ದೂರ 40 ಮೀಟರ್!

ತಪ್ಪಿದ ವಿದ್ಯಾರ್ಥಿಗಳು ನಾಚಬೇಕಾಗಿಲ್ಲ. ಚಲಿಸುವ ವಸ್ತುವಿನ ಸತ್ತ್ವವನ್ನು ವೇಗದಿಂದ ಅಳೆಯಬೇಕೋ ವೇಗದ ವರ್ಗದಿಂದಲೋ ಎಂಬ ಬಗ್ಗೆ ಡೇಕಾರ್ಟನ ಅನುಯಾಯಿಗಳಿಗೂ ಲೈಬ್ನಿಟ್ಸನ ಪಕ್ಷದವರಿಗೂ ದೀರ್ಘ ವಾಗ್ವಾದವೇ ನಡೆದಿತ್ತು. ಹಾಲೆಂಡಿನ ಗ್ರಾವೆಸಾಂಡೆ 1722ರಲ್ಲಿ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದನು. ವೇಗ ಇಮ್ಮಡಿಯಾದಾಗ ಮಣ್ಣಿನಲ್ಲಿ ಮೂಡಿದ ಕುಳಿಯ ಗಾತ್ರ ನಾಲ್ಮಡಿಯಾಯಿತು. ಕೆಲಸಕ್ಕೆ ಇಂದಿನ ಅರ್ಥವನ್ನೂ, ಚಲನಶಕ್ತಿಯ ಸೂತ್ರಕ್ಕೆ ಆ ಅರ್ಧವನ್ನೂ 1829ರಲ್ಲಿ ಫ್ರಾನ್ಸಿನ ಕೋರಿಯೊಲಿಸ್ ಕೊಟ್ಟನು.

ಈಗ ಕೊನೆಯ ಪ್ರಶ್ನೆ. ಬ್ರೇಕು ಹಿಡಿದ ಸ್ಥಳದಿಂದ 10 ಮೀಟರಿಗಿಂತ ತುಸು ಮುಂದೆ ಮಗುವೊಂದು ನಿಂತಿದೆಯೆನ್ನಿ. ಮೊದಲ ಕಾರು ಅದನ್ನು ಮುಟ್ಟದೆ ನಿಲ್ಲುತ್ತದೆ. ಎರಡನೆಯದು ಅಲ್ಲಿಗೆ ಬರುವ ವೇಳೆಗೆ ಕಳೆದುಕೊಂಡಿರುವುದು ಕೇವಲ 50,000 ಜೂಲ್; ಉಳಿದ 1,50,000 ಜೂಲ್‌ಗೆ ತಕ್ಕ ವೇಗವೆಷ್ಟು? ಸೆಕೆಂಡಿಗೆ 17.3 ಮೀಟರ್, ಎಂದರೆ ಗಂಟೆಗೆ ಸುಮಾರು 62 ಕಿಲೋಮೀಟರ್. ಬ್ರೇಕನ್ನು ಒತ್ತುವುದಕ್ಕೆ ಚಾಲಕನು ಒಂದೇ ಸೆಕೆಂಡು ತಡಮಾಡಿದರೂ ಕಾರು ಇನ್ನೂ 20 ಮೀಟರ್ ಮುಂದೆ ಬಂದಿರುತ್ತದೆ.

ಪರೀಕ್ಷೆಯಲ್ಲಿ ಇಂಥ ಲೆಕ್ಕ ತಪ್ಪಿದರೆ ಹೋಗುವುದು ನಾಲ್ಕು ಅಂಕ. ರಸ್ತೆಯಲ್ಲಿ ತಪ್ಪಿದರೆ ತಿದ್ದಿ ಬರೆಯಲು ಅವಕಾಶವಿಲ್ಲ.