ಸ್ತಂಭ ನಕ್ಷೆ: ಆಯ್ಕೆಯ ಕ್ರಮ, ಓದುವ ಎಚ್ಚರ

ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಿಯೂ, ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೊಳಕಾಲ್ಮೂರಿನಲ್ಲಿಯೂ ಮಾರಾಟದ ಲೆಕ್ಕವನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ನಕ್ಷೆಯಾಗಿಸಬಲ್ಲದು. ಆ ನಕ್ಷೆಯನ್ನು ನಂಬಿ ಬಂಡವಾಳ ಹೂಡುವ ಮುನ್ನ ಅದನ್ನು ಓದುವ ಕ್ರಮವನ್ನು ವರ್ತಕರು ಅರಿತಿರುವುದು ಅವಶ್ಯ.

ಎಣ್ಣೆಯ ಬಗೆ, ಸೀರೆಯ ಬಣ್ಣ, ತಾಲ್ಲೂಕು ಮುಂತಾದ ಬಿಡಿ ವರ್ಗಗಳ ಹೋಲಿಕೆಗೆ ಸ್ತಂಭ ನಕ್ಷೆ ಸೂಕ್ತ. ತಿಂಗಳಿಂದ ತಿಂಗಳಿಗಾಗುವ ಏರಿಳಿತಕ್ಕೆ ರೇಖಾ ನಕ್ಷೆ ಲೇಸು. ಸ್ತಂಭ ನಕ್ಷೆಯ ಇತಿಹಾಸದಲ್ಲಿಯೂ ವ್ಯಾಪಾರಕ್ಕೆ ಸ್ಥಾನವಿದೆ. 1786ರಲ್ಲಿ ವಿಲಿಯಂ ಪ್ಲೇಫೇರ್ ಸ್ಕಾಟ್ಲೆಂಡಿನ ಆಮದು-ರಫ್ತನ್ನು ದೇಶವಾರು ತೋರಿಸಲು ಹೊರಟಾಗ ದೊರೆತದ್ದು ಒಂದೇ ವರ್ಷದ ಅಂಕಿಗಳು. ಕಾಲಾನುಕ್ರಮದ ರೇಖೆ ಎಳೆಯಲಾಗದೆ ಅವರು ಪಟ್ಟಿಗಳನ್ನು ಬಳಸಿದರು.

ಮೊದಲನೆಯ ನಿಯಮ, ಸ್ತಂಭವು ಸೊನ್ನೆಯಿಂದಲೇ ಏಳಬೇಕು. ಮಳಿಗೆಯೊಂದರಲ್ಲಿ ಶೇಂಗಾ ಎಣ್ಣೆ 98 ಡಬ್ಬ, ಸೂರ್ಯಕಾಂತಿ ಎಣ್ಣೆ 94 ಡಬ್ಬ ಮಾರಾಟವಾಯಿತೆಂದು ಭಾವಿಸೋಣ. ಲಂಬ ಅಕ್ಷವನ್ನು 90ರಿಂದ ಆರಂಭಿಸಿದರೆ ಸ್ತಂಭಗಳ ಎತ್ತರ 8 ಮತ್ತು 4 ಆಗಿ, ಒಂದು ಇನ್ನೊಂದರ ಇಮ್ಮಡಿಯಾಗಿ ಕಾಣುತ್ತದೆ. ವಾಸ್ತವದ ಅಂತರ ಶೇಕಡಾ 4ರಷ್ಟು ಮಾತ್ರ. ಚಿತ್ರವನ್ನು ನಂಬಿ ಸೂರ್ಯಕಾಂತಿ ಎಣ್ಣೆಯ ಖರೀದಿಯನ್ನು ಅರ್ಧಕ್ಕಿಳಿಸಿದ ವರ್ತಕನು ಹಬ್ಬದ ದಿನಗಳಲ್ಲಿ ಗಿರಾಕಿಗಳನ್ನು ಬರಿಗೈಯಲ್ಲಿ ಕಳುಹಿಸಬೇಕಾದೀತು.

ಎರಡನೆಯದು, ಜೋಡಣೆಯ ಕ್ರಮ. ಸೀರೆಯ ಬಣ್ಣಗಳಿಗೆ ಸಹಜ ಅನುಕ್ರಮವಿಲ್ಲ. ಅವನ್ನು ಮಾರಾಟದ ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಓದಲು ಸುಲಭ. ಆದರೆ ಬೆಲೆಯ ಹಂತಗಳನ್ನು ಕಡಿಮೆಯಿಂದ ಹೆಚ್ಚಿಗೆ ಎಂಬ ಕ್ರಮದಲ್ಲಿಯೇ ಇಡತಕ್ಕದ್ದು.

ಮೂರನೆಯದು, ಸಂಖ್ಯೆಯೋ ಪ್ರಮಾಣವೋ ಎಂಬ ವಿವೇಚನೆ. ಚಳ್ಳಕೆರೆಯ 40 ಅಂಗಡಿಗಳಲ್ಲಿ 10, ಮೊಳಕಾಲ್ಮೂರಿನ 20ರಲ್ಲಿ 8 ಅಂಗಡಿಗಳು ಹೊಸ ಸರಕೊಂದನ್ನು ಕೊಂಡವೆಂದು ಊಹಿಸೋಣ. ಸಂಖ್ಯೆಯ ನಕ್ಷೆಯಲ್ಲಿ ಚಳ್ಳಕೆರೆ ಮುಂದು. ಶೇಕಡಾವಾರು ನಕ್ಷೆಯಲ್ಲಿ 25ಕ್ಕೆ ಎದುರಾಗಿ 40 ನಿಂತು ಮೊಳಕಾಲ್ಮೂರು ಮುಂದಾಗುತ್ತದೆ. ಎಷ್ಟು ಸರಕು ಕಳುಹಿಸಬೇಕೆಂಬ ಪ್ರಶ್ನೆಗೆ ಮೊದಲನೆಯದೂ, ಸರಕು ಎಲ್ಲಿ ಹೆಚ್ಚು ಒಪ್ಪಿಗೆಯಾಯಿತೆಂಬ ಪ್ರಶ್ನೆಗೆ ಎರಡನೆಯದೂ ಉತ್ತರ. ಪ್ರಶ್ನೆ ಯಾವುದೆಂಬುದು ನಿಶ್ಚಯವಾಗದೆ ನಕ್ಷೆಯ ಆಯ್ಕೆ ಸರಿಯಾಗದು.

ಆದ್ದರಿಂದ ನಕ್ಷೆ ಕೈಗೆ ಬಂದಾಗ ಸ್ತಂಭದ ತುದಿಗಿಂತ ಮೊದಲು ಅದರ ಬುಡವನ್ನೂ, ಒಟ್ಟು ಎಷ್ಟರಲ್ಲಿ ಎಷ್ಟು ಎಂಬುದನ್ನೂ ನೋಡುವುದು ಕ್ಷೇಮ. ಲೆಕ್ಕದ ಪುಸ್ತಕಕ್ಕೆ ಸಲ್ಲುವ ಎಚ್ಚರ ಚಿತ್ರಕ್ಕೂ ಸಲ್ಲಬೇಕು.