ಪೆಟ್ಟಿಗೆಯಿಂದ ಹೊರಬಂದ ಲೇಸರ್ ಲೆವೆಲ್

ನಮ್ಮ ಶಾಲೆಯ ಹಳೆಯ ಕಟ್ಟಡದ ಜಗಲಿಯ ಕಥೆ ಕಾಸರಗೋಡು ಕಡೆಯ ಅಧ್ಯಾಪಕರಿಗೆ ಹೊಸತಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಜಗಲಿಗೆ ಎರಚಿದ ನೀರು ಅಂಗಳಕ್ಕೆ ಇಳಿಯುವ ಬದಲು ತರಗತಿಯ ಬಾಗಿಲಿಗೆ ಬರುತ್ತದೆ. ಮಕ್ಕಳು ಚೀಲಗಳನ್ನು ಬೆಂಚಿನ ಮೇಲಿಟ್ಟು ಕಾಲು ಮಡಚಿ ಕೂರುತ್ತಾರೆ. ಒಮ್ಮೆ ಗೋಲಿ ಇಟ್ಟು ನೋಡಿದೆವು. ಅದು ಒಳಗೇ ಉರುಳಿತು. ಎರಡು ಮೀಟರ್ ಅಗಲದ ಜಗಲಿ ಒಂದೇ ಒಂದು ಸೆಂಟಿಮೀಟರ್ ಒಳಕ್ಕೆ ವಾಲಿದರೂ ಸಾಕು, ಕಟ್ಟಡ ಇರುವಷ್ಟು ಕಾಲ ಅದೇ ಪಾಡು.

ಆದ್ದರಿಂದ ಹೊಸ ಎರಡು ತರಗತಿಗಳ ಕೆಲಸ ಶುರುವಾದಾಗ ನನ್ನ ಕಣ್ಣೆಲ್ಲ ನೆಲದ ಮಟ್ಟದ ಮೇಲೆ. ಇನ್ನೊಂದು ಕಾರಣವೂ ಇತ್ತು. ನಮ್ಮ ಐದನೇ ತರಗತಿಯ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಬರುವವಳು. ಹಳೆಯ ಕಟ್ಟಡಕ್ಕೆ ಅವಳನ್ನು ದಿನಾ ಇಬ್ಬರು ಎತ್ತಿ ಹತ್ತಿಸಬೇಕು. ಹೊಸದಕ್ಕಾದರೂ ಸರಿಯಾದ ರ‍್ಯಾಂಪ್ ಆಗಬೇಕಿತ್ತು.

ಕಂಟ್ರಾಕ್ಟರ್ ಈ ಸಲ ಒಂದು ಲೇಸರ್ ಲೆವೆಲ್ ಕಳಿಸಿದ್ದರು. ಹಸಿರು ಬೆಳಕಿನದು, ಅಂಗೈಗಿಂತ ಸ್ವಲ್ಪ ದೊಡ್ಡದು. ಗುಂಡಿ ಒತ್ತಿದರೆ ಗೋಡೆಯ ಮೇಲೆ ಒಂದು ಅಡ್ಡಗೆರೆ, ಒಂದು ನೆಟ್ಟಗೆರೆ ಬೀಳುತ್ತದೆ. ಮೊದಲ ದಿನ ಪಂಚಾಂಗದ ಮೇಲೆ ಇಟ್ಟು ಹಚ್ಚಿದರು. ಬೆಳಿಗ್ಗೆ ಹನ್ನೊಂದು ಗಂಟೆ, ಸುಡುವ ಬಿಸಿಲು. ಗೆರೆ ಕಂಡರೆ ತಾನೆ! ಮೇಸ್ತ್ರಿ ಅದನ್ನು ಪೆಟ್ಟಿಗೆಗೆ ಹಾಕಿ, "ಟೀಚರೇ, ನಮಗೆ ನಮ್ಮ ಪೈಪೇ ಸಾಕು" ಅಂದರು. ಮತ್ತೆ ಮೂರು ವಾರ ಆ ಪೆಟ್ಟಿಗೆ ಸಿಮೆಂಟ್ ಶೆಡ್ಡಿನಲ್ಲೇ ಇತ್ತು.

ಪೈಪ್ ಅಂದರೆ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್. ಒಂದಕ್ಕೊಂದು ಸೇರಿದ ಪಾತ್ರೆಗಳಲ್ಲಿ ದ್ರವ ಒಂದೇ ಮಟ್ಟಕ್ಕೆ ನಿಲ್ಲುತ್ತದೆ ಎಂದು ನಾವು ಪಾಠ ಮಾಡುತ್ತೇವಲ್ಲ, ಅದೇ. ಎರಡು ತುದಿಯ ಮೇಲೂ ಒಂದೇ ವಾಯುಭಾರ. ಆದ್ದರಿಂದ ಹತ್ತು ಮೀಟರ್ ದೂರವಿದ್ದರೂ, ನಡುವೆ ಗೋಡೆಯಿದ್ದರೂ ನೀರು ಸುಳ್ಳು ಹೇಳುವುದಿಲ್ಲ. ಹೇಳುವುದೇ ಇಲ್ಲವೆಂದಲ್ಲ. ಒಂದು ತುದಿಗೆ ಹೆಬ್ಬೆರಳು ಒತ್ತಿ ಮರೆತರೆ, ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ಪಕ್ಕ ಬಿಸಿಲು, ಇನ್ನೊಂದು ಪಕ್ಕ ನೆರಳು ಇದ್ದರೂ ತಪ್ಪುತ್ತದೆ. 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ನೀರಿನ ಸಾಂದ್ರತೆ ಸುಮಾರು ಶೇಕಡ 0.6ರಷ್ಟು ಇಳಿಯುತ್ತದೆ. ಅಂದರೆ ಒಂದು ಮೀಟರ್ ಎತ್ತರದ ನೀರಿನ ಕಂಬಕ್ಕೆ 6 ಮಿಲಿಮೀಟರ್ ವ್ಯತ್ಯಾಸ! ಮೇಸ್ತ್ರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ "ಬಿಸಿಲಲ್ಲಿ ಬಿದ್ದ ಪೈಪನ್ನು ನೀರು ಬದಲಿಸದೆ ಹಿಡಿಯಬಾರದು" ಎಂಬುದು ಗೊತ್ತಿತ್ತು. ನಲವತ್ತು ವರ್ಷದ ಕೆಲಸ ಅವರದು.

ಪೆಟ್ಟಿಗೆ ಯಾಕೆ ತೆರೆಯಲಿಲ್ಲ ಎಂದು ಒಂದು ಸಂಜೆ ಚಹಾ ಕುಡಿಯುವಾಗ ಕೇಳಿದೆ. ಬಿಸಿಲು ಅರ್ಧ ಕಾರಣ ಮಾತ್ರ. "ಕೈತಪ್ಪಿ ಬಿದ್ದರೆ ಯಾರ ಸಂಬಳದಿಂದ ಹಿಡಿಯುತ್ತಾರೆ ಹೇಳಿ?" ಅಂದರು. ಪೈಪ್ ಹಿಡಿಯುವ ಹೆಲ್ಪರ್ ಹುಡುಗನ ಚಿಂತೆ ಬೇರೆ: ಪೈಪಿಗೆ ಇಬ್ಬರು ಬೇಕು, ಲೇಸರಿಗೆ ಒಬ್ಬ ಸಾಕು. ಯಾರಿಗೂ ಅದನ್ನು ಬಳಸುವುದು ಹೇಗೆಂದು ಯಾರೂ ತೋರಿಸಿರಲಿಲ್ಲ. ಜೊತೆಗಿದ್ದ ಕಾಗದ ಇಂಗ್ಲಿಷಿನಲ್ಲಿತ್ತು. ಯಂತ್ರ ಬಂತು, ಆದರೆ ಈ ಮೂರು ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ಹೊಸ ಸಾಧನಗಳು ಮೂಲೆ ಸೇರುವುದು ಬಹಳ ಸಲ ಹೀಗೆಯೇ. ನಮ್ಮ ಸ್ಮಾರ್ಟ್ ಬೋರ್ಡುಗಳ ವಿಷಯ ನಾನು ಹೇಳಬೇಕಾಗಿಲ್ಲ.

ಕಂಟ್ರಾಕ್ಟರ್ ಹತ್ತಿರ ಮಾತಾಡಿದೆವು. ಕೆಟ್ಟರೆ ಖರ್ಚು ತನ್ನದು, ಹುಡುಗನನ್ನು ತೆಗೆಯುವುದಿಲ್ಲ ಎಂದು ಎಲ್ಲರ ಎದುರೇ ಒಪ್ಪಿದರು. ಆ ಮೇಲೆ ಆ ಹುಡುಗನಿಗೇ ಯಂತ್ರದ ಜವಾಬ್ದಾರಿ ಕೊಟ್ಟರು. ಇದು ಒಳ್ಳೆಯ ಉಪಾಯವಾಯಿತು.

ಇನ್ನು ಒಳಗೇನಿದೆ? ಒಂದು ಸಣ್ಣ ಲೋಲಕ. ಅದಕ್ಕೆ ಲೇಸರ್ ದೀಪ ಅಂಟಿದೆ. ಪೆಟ್ಟಿಗೆ ಸ್ವಲ್ಪ ಓರೆಯಿದ್ದರೂ ಲೋಲಕ ನೆಟ್ಟಗೆ ತೂಗುತ್ತದೆ, ಗೆರೆ ಮಟ್ಟಕ್ಕೆ ಬರುತ್ತದೆ. ತೂಗಾಡುತ್ತಲೇ ಇರದಂತೆ ಆಯಸ್ಕಾಂತಗಳಿವೆ. ಅವುಗಳ ಎದುರು ಲೋಹ ಚಲಿಸುವಾಗ ಹುಟ್ಟುವ ಸುಳಿ ಪ್ರವಾಹ ಅದನ್ನು ಬೇಗ ನಿಲ್ಲಿಸುತ್ತದೆ. ಸಾಮಾನ್ಯವಾಗಿ ನಾಲ್ಕು ಡಿಗ್ರಿಗಿಂತ ಹೆಚ್ಚು ಓರೆಯಾದರೆ ಗೆರೆ ಮಿನುಗಿ ಎಚ್ಚರಿಸುತ್ತದೆ. ಇದನ್ನು ವಿವರಿಸಿದಾಗ ಮೇಸ್ತ್ರಿ ನಕ್ಕರು: "ಹಾಗಾದರೆ ಒಳಗಿರುವುದು ನಮ್ಮ ತೂಗುಗುಂಡೇ ಅಲ್ವಾ!" ಹೌದು, ಅದೇ. ಹಾಗಾಗಿ ಸಾಗಿಸುವಾಗ ಲೋಲಕಕ್ಕೆ ಬೀಗ ಹಾಕುವ ಗುಂಡಿಯನ್ನು ಒತ್ತಲೇಬೇಕು. ನಮ್ಮದನ್ನು ಬೀಗವಿಲ್ಲದೆ ಬೈಕಿನಲ್ಲಿ ತಂದಿದ್ದರು ಎಂದು ಆಗ ತಿಳಿಯಿತು.

ಸರಿ, ಪರೀಕ್ಷೆ ಮಾಡೋಣ ಎಂದೆವು. ಇದನ್ನು ಒಂಬತ್ತನೇ ತರಗತಿಯ ಮಕ್ಕಳಿಂದಲೂ ಮಾಡಿಸಬಹುದು. ಐದು ಮೀಟರ್ ದೂರದ ಎರಡು ಗೋಡೆ ಬೇಕು. ಯಂತ್ರವನ್ನು ಮೊದಲ ಗೋಡೆಯ ಹತ್ತಿರ ಇಟ್ಟು ಅಲ್ಲೊಂದು ಗುರುತು. ತಿರುಗಿಸಿ ಎದುರು ಗೋಡೆಯ ಮೇಲೊಂದು ಗುರುತು. ಈಗ ಯಂತ್ರವನ್ನು ಎರಡನೇ ಗೋಡೆಯ ಹತ್ತಿರ ಒಯ್ದು, ಗೆರೆ ಅಲ್ಲಿನ ಗುರುತಿಗೇ ಬೀಳುವಂತೆ ಎತ್ತರ ಹೊಂದಿಸಿ, ತಿರುಗಿಸಿ ಮೊದಲ ಗೋಡೆಯನ್ನು ನೋಡಬೇಕು. ಗೆರೆ ಹಳೆಯ ಗುರುತಿನ ಮೇಲೆಯೇ ಬಿದ್ದರೆ ಯಂತ್ರ ಸರಿ. ಓರೆಯಿದ್ದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ತಪ್ಪು ಕೂಡುತ್ತದೆ; ಅಂದರೆ ಕಾಣುವ ವ್ಯತ್ಯಾಸ ಹತ್ತು ಮೀಟರಿನಲ್ಲಿ ಆಗುವ ತಪ್ಪಿಗೆ ಸಮ. ನಮಗೆ ಸಿಕ್ಕಿದ್ದು 7 ಮಿ.ಮೀ. ಪೆಟ್ಟಿಗೆಯ ಮೇಲೆ ಬರೆದದ್ದು ಹತ್ತು ಮೀಟರಿಗೆ 3. ಲೆವೆಲ್ ಪೈಪಿನಿಂದ ಮತ್ತೆ ನೋಡಿದೆವು, ಅದೂ ಹಾಗೇ ಹೇಳಿತು. ಮೇಸ್ತ್ರಿಯ ಮುಖ ನೋಡಬೇಕಿತ್ತು!

ಯಂತ್ರ ಸರಿಪಡಿಸಲು ಅಂಗಡಿಗೆ ಹೋಗಿ ಬರಲು ವಾರ ಬೇಕು, ಕೆಲಸ ನಿಲ್ಲಿಸುವಂತಿಲ್ಲ. ಆದರೆ ಓರೆ ಯಂತ್ರದಿಂದಲೂ ಸರಿ ಮಟ್ಟ ಪಡೆಯಬಹುದು: ಅದನ್ನು ಎರಡು ಬಿಂದುಗಳ ಸರಿ ನಡುವೆ ಇಟ್ಟು, ಮುಂಭಾಗವನ್ನು ಒಂದೊಂದರ ಕಡೆಗೆ ತಿರುಗಿಸಿದರೆ ಎರಡೂ ಕಡೆ ತಪ್ಪು ಒಂದೇ ಆಗಿ, ಕಳೆದಾಗ ಸೊನ್ನೆ. ಸರ್ವೆಯವರು ಉಪಕರಣವನ್ನು ನಡುವೆ ನಿಲ್ಲಿಸುವ ಗುಟ್ಟು ಇದೇ.

ಬಿಸಿಲಿನ ತೊಡಕಿಗೆ ಪರಿಹಾರ ಸರಳ. ಮಟ್ಟದ ಗುರುತುಗಳನ್ನು ಬೆಳಿಗ್ಗೆ ಏಳಕ್ಕೆ ಮೊದಲು ಅಥವಾ ಸಂಜೆ ಮಾಡುವುದು. ಕಣ್ಣಿಗೆ 555 ನ್ಯಾನೋಮೀಟರಿನ ಸುತ್ತಮುತ್ತಲಿನ ಬೆಳಕು ಹೆಚ್ಚು ಕಾಣುವುದರಿಂದ ಕೆಂಪಿಗಿಂತ ಹಸಿರು ಗೆರೆ ವಾಸಿ, ಆದರೂ ನಡುಹಗಲಿನ ಸೂರ್ಯನ ಎದುರು ಅದು ಏನೂ ಅಲ್ಲ. ಗೆರೆಯನ್ನು ಹಿಡಿಯುವ ಡಿಟೆಕ್ಟರ್ ಬೇರೆ ಸಿಗುತ್ತದೆ. ಮಕ್ಕಳು ಹತ್ತಿರವಿದ್ದರೆ ದೀಪವನ್ನು ನೇರ ನೋಡದಂತೆ ಎಚ್ಚರ ಹೇಳಲೇಬೇಕು.

ಲೇಸರ್ ಇಳಿಜಾರು ಕೊಡುವುದಿಲ್ಲ, ಅದು ಕೊಡುವುದು ಮಟ್ಟದ ಗೆರೆ ಮಾತ್ರ. ಇಳಿಜಾರನ್ನು ಆ ಗೆರೆಯಿಂದ ಕೆಳಗೆ ಅಳೆದು ನಾವೇ ಹುಟ್ಟಿಸಬೇಕು. ಜಗಲಿಗೆ ನೂರಕ್ಕೆ ಒಂದು ಎಂದಿಟ್ಟುಕೊಂಡೆವು: ಗೋಡೆಯ ಬಳಿ ಗೆರೆಯಿಂದ ಒಂದು ಮೀಟರ್ ಕೆಳಗೆ ನೆಲ, ಎರಡು ಮೀಟರ್ ಆಚೆ ಅಂಚಿನಲ್ಲಿ 102 ಸೆಂಟಿಮೀಟರ್. ರ‍್ಯಾಂಪಿಗೆ ಹನ್ನೆರಡಕ್ಕೆ ಒಂದು. ಪಂಚಾಂಗ 45 ಸೆಂ.ಮೀ. ಎತ್ತರ, ಆದ್ದರಿಂದ ಉದ್ದ 5.4 ಮೀಟರ್ ಆಗಲೇಬೇಕು. ಮೊದಲು ಗೆರೆ ಎಳೆದದ್ದು ಮೂರೂವರೆ ಮೀಟರಿಗೆ, "ಜಾಗ ಇಲ್ಲ" ಎಂದು. ಅಷ್ಟು ಕಡಿದಾದಲ್ಲಿ ಗಾಲಿಕುರ್ಚಿಯನ್ನು ತಾನಾಗಿ ತಳ್ಳಿಕೊಂಡು ಹತ್ತುವುದು ಮಗುವಿನಿಂದಾಗದು. ಹೂವಿನ ಪಾತಿ ತೆಗೆಸಿದೆವು. ಪ್ರತಿ 1.2 ಮೀಟರಿಗೆ ಹತ್ತು ಸೆಂ.ಮೀ. ಇಳಿಕೆಯಂತೆ ಗೂಟ ಹೊಡೆದದ್ದು ಅದೇ ಹೆಲ್ಪರ್ ಹುಡುಗ, ಸಂಜೆ ಆರರ ಹಸಿರು ಗೆರೆಯಲ್ಲಿ.

ಕಾಂಕ್ರೀಟ್ ಸುರಿಯುವ ಮುನ್ನ ಮೇಸ್ತ್ರಿ ತಮ್ಮ ಪೈಪ್ ತಂದು ಪ್ರತಿ ಗೂಟವನ್ನೂ ಇನ್ನೊಮ್ಮೆ ನೋಡಿದರು. ನೀರು ಹೊಸತಾಗಿ ತುಂಬಿಸಿಕೊಂಡು, ನೆರಳಲ್ಲಿ ನಿಂತು. ಹೆಚ್ಚೆಂದರೆ 2 ಮಿ.ಮೀ. ವ್ಯತ್ಯಾಸ. ಕೈಹಿಡಿ ಸರಳು ಹಾಕುವುದು ಇನ್ನೂ ಬಾಕಿಯಿದೆ.